ಸಾಲಿನ ಕೊನೆಯ ಕುರ್ಚಿ

ಬಲಗೈ ಇನ್ನೂ ಶಿಲುಬೆಯ ಗುರುತು ಮಾಡುತ್ತಲೇ ಇತ್ತು. ಸಬೀನಾಳ ಎಡಗೈ ಆಗಲೇ ಫೋನಿನ ಮೇಲಿತ್ತು. ಆ ಸೀಮೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಬೆಳಗಿನ ರೇಡಿಯೋ ಓದಿ ಮುಗಿಸಿತ್ತಷ್ಟೆ. ಡೀಲಿಯಾ ಮ್ಯಾನಿಯನ್, ಕೊಲ್ಲಿಯ ಆಚೆ ದಡದ ವೃದ್ಧಾಶ್ರಮದಲ್ಲಿ, ನೆಮ್ಮದಿಯಾಗಿ. ಅಲ್ಲಿ ಗಂಡ ಫೆಸ್ಟಿಗಾಗಿ ಒಂದು ಮಂಚ ತೆರವಾಗಲೆಂದು ಸಬೀನಾ ಹದಿನಾಲ್ಕು ತಿಂಗಳಿಂದ ಕಾಯುತ್ತಿದ್ದಳು.

"ಸಿಸ್ಟರ್ ಕಾನ್ಸೆಪ್ಟಾ, ನಾನು ಸಬೀನಾ. ಡೀಲಿಯಾಗೆ ದೇವರು ನಿತ್ಯಶಾಂತಿ ಕೊಡಲಿ."

"ಕೊಡಲಿ. ಅವಳ ಮಂಚ ಕೇಳಿದವರಲ್ಲಿ ನೀನು ಮೂರನೆಯವಳು ಕಣೇ. ಚಾದರ ಇನ್ನೂ ಒಗೆಯೋಕೆ ಹಾಕಿಲ್ಲ ನಾವು."

"ನಾಚಿಕೆ ಬಿಟ್ಟೇ ಕೇಳ್ತಿದೀನಿ. ಸೋಮವಾರ ನನ್ನ ಸೊಂಟದ ಆಪರೇಷನ್. ಫೆಸ್ಟಿನ ನೋಡ್ಕೊಳ್ಳೋರಿಲ್ಲ ಅಂತ ಎರಡು ಸಲ ಬಿಟ್ಟೆ. ಈ ಸಲವೂ ಬಿಟ್ರೆ ಇನ್ನು ಕರೆಯೋದೇ ಇಲ್ಲ ಅಂದಿದಾರೆ ಆಸ್ಪತ್ರೆಯವರು."

"ಸಂಜೆ ಪ್ರಾರ್ಥನೆಗೆ ಬಾ. ಅವನನ್ನೂ ಕರ್ಕೊಂಡು ಬಾ. ಹೇಳ್ತೀನಿ."

ಸಂಜೆ ಕಡಲಿನಿಂದ ಮಂಜು ಎದ್ದು ದಾರಿಯನ್ನೂ ಕಲ್ಲುಗೋಡೆಗಳನ್ನೂ ಒಂದೇ ಬಣ್ಣ ಮಾಡಿತ್ತು. ಫೆಸ್ಟಿ ಭಾನುವಾರದ ಪೂಜೆಗೆಂದಿಟ್ಟ ಕೋಟು ತೊಟ್ಟು, ಬಸ್ಸಿಳಿದ ಮೇಲೆ ಹೆಂಡತಿಯ ತೋಳು ಹಿಡಿದು ನಡೆದ. ಈಗೀಗ ಅವನ ನೆನಪಿನಲ್ಲಿ ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುತ್ತಿರಲಿಲ್ಲ. ಕೆಲವು ಸಂಜೆ ಹೆಂಡತಿಯೂ ಇರುತ್ತಿರಲಿಲ್ಲ.

"ಕುಣಿತ ಎಲ್ಲಿ ಇವತ್ತು?" ಎಂದು ಕೇಳಿದ.

"ಕುಣಿತ ಅಲ್ಲ. ಡೀಲಿಯಾ ತೀರಿಕೊಂಡಿದಾಳೆ."

"ಓ. ಹಂಗಾದ್ರೆ ಅವಳು ಬರೋಲ್ಲ."

ಆಶ್ರಮದ ಪ್ರಾರ್ಥನಾಮಂದಿರದಲ್ಲಿ ಮುಚ್ಚಳ ತೆಗೆದ ಪೆಟ್ಟಿಗೆಯೊಳಗೆ ಡೀಲಿಯಾ ಜಪಮಾಲೆ ಹಿಡಿದು ಮಲಗಿದ್ದಳು. ಪಕ್ಕದಲ್ಲಿ ಕುರ್ಚಿಗಳ ಸಾಲು, ಅದರಲ್ಲಿ ಅವಳ ಮಕ್ಕಳು. ಊರಿನವರು ಒಬ್ಬರ ಹಿಂದೊಬ್ಬರಾಗಿ ಬಂದು ಎಲ್ಲರ ಕೈ ಹಿಡಿದು ಒಂದೇ ಮಾತು ಹೇಳಿ ಮುಂದೆ ಹೋಗುತ್ತಿದ್ದರು: "ನಿಮ್ಮ ದುಃಖದಲ್ಲಿ ನಾವಿದ್ದೀವಿ." ಮೇಣದ ಬತ್ತಿಗಳ ಬೆಳಕಿನಲ್ಲಿ ಆ ಪಿಸುಮಾತು ಅಲೆಯ ಹಾಗೆ ಬಂದು ಬಂದು ಹಿಂದೆ ಸರಿಯುತ್ತಿತ್ತು.

ಸಿಸ್ಟರ್ ಕಾನ್ಸೆಪ್ಟಾ ಸಬೀನಾಳನ್ನು ಬಾಗಿಲ ಮರೆಗೆ ಕರೆದಳು.

"ಭಾನುವಾರ ಕರ್ಕೊಂಡು ಬಾ. ಮೂರು ವಾರ. ಅದಕ್ಕಿಂತ ಹೆಚ್ಚಿಗೆ ಕೇಳ್ಬೇಡ."

ಸಬೀನಾ ದೇವಮಾತೆಯನ್ನು ನೆನೆದಳು. ಕೃತಜ್ಞತೆಯ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

"ನನ್ನ ಹುಡುಕ್ತಾನೆ ಸಿಸ್ಟರ್."

"ಮೂರು ದಿನ ಹುಡುಕ್ತಾನೆ. ನಾಲ್ಕನೇ ದಿನ ಊಟ ಮಾಡ್ತಾನೆ. ಇಲ್ಲಿಗೆ ಬಂದವರೆಲ್ಲ ಹಾಗೇ."

"ನಾಲ್ಕನೇ ದಿನಕ್ಕೇನಾ?" ಎಂದಳು ಸಬೀನಾ. ಅಷ್ಟು ಬೇಗ ಮರೆಯುತ್ತಾನೆಂಬುದು ನಿರಾಳವೂ ಎನ್ನಿಸಿತು, ನೋವೂ ಎನ್ನಿಸಿತು.

ಅವಳು ಒಳಗೆ ಬಂದಾಗ ಗಂಡ ನಿಂತಿದ್ದ ಜಾಗದಲ್ಲಿರಲಿಲ್ಲ. ನಿಂತು ದಣಿದು, ಡೀಲಿಯಾಳ ಮಕ್ಕಳ ಸಾಲಿನ ಕೊನೆಯಲ್ಲಿ ಖಾಲಿಯಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದ. ಬಂದವರಿಗೆ ಬೇರೆ ದಾರಿ ಇರಲಿಲ್ಲ. ಅವನ ಕೈಯನ್ನೂ ಹಿಡಿದು ಅದೇ ಮಾತು ಹೇಳುತ್ತಿದ್ದರು. ಫೆಸ್ಟಿ ತಲೆ ಬಾಗಿಸಿ ಎಲ್ಲವನ್ನೂ ಗಂಭೀರವಾಗಿ ಸ್ವೀಕರಿಸುತ್ತಿದ್ದ. ಸಬೀನಾ ಎಬ್ಬಿಸಲು ಹೊರಟಳು. ಡೀಲಿಯಾಳ ಮಗಳು ತಡೆದಳು.

"ಇರಲಿ ಬಿಡಿ ಆಂಟಿ. ನಮ್ಮೆಲ್ಲರಿಗಿಂತ ಅವರೇ ಚೆನ್ನಾಗಿ ಮಾಡ್ತಿದಾರೆ."

ಅವನ ಬಳಿ ಹೋಗಲು ಸಾಲಿನಲ್ಲೇ ಹೋಗಬೇಕಿತ್ತು. ಸಬೀನಾ ಕೋಲೂರಿಕೊಂಡು, ಒಂದೊಂದೇ ಕೈ ಹಿಡಿಯುತ್ತ, ಕೊನೆಯ ಕುರ್ಚಿಯ ಮುಂದೆ ಬಂದು ನಿಂತಳು. ಫೆಸ್ಟಿ ಮುಖವೆತ್ತಿ ನೋಡಿದ. ಆ ಕಣ್ಣುಗಳಲ್ಲಿ ಹೊರಗಿನ ಮಂಜೇ ಇತ್ತು. ಅವಳು ಕೈ ಚಾಚಿದಳು. ಎಲ್ಲರೂ ಹೇಳಿದ್ದನ್ನೇ ಹೇಳಿದಳು.

ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವಳ ಹಿಂದಿದ್ದವರ ಸಾಲು ನಿಂತಿತು.

"ಕಾಲು ನೋವಿಟ್ಕೊಂಡು ಇಷ್ಟು ದೂರ ಬಂದ್ರಲ್ಲಾ ತಾಯಿ," ಎಂದ ಮೆಲ್ಲಗೆ. "ವಾಪಸ್ ಮನೆಗೆ ಹೋಗೋಕೆ ಜೊತೆಗೆ ಯಾರಾದ್ರೂ ಇದಾರಾ ನಿಮಗೆ?"