ಅಡುಗೆಕಟ್ಟೆಯ ಎತ್ತರ

ಯುದ್ಧ ಶುರುವಾಗುವುದಕ್ಕೆ ಇನ್ನೂ ಹದಿನಾರು ದಿನವಿತ್ತು. ಯುದ್ಧ ಮುಗಿದ ಮೇಲೆ ಹೊಸ ಮನೆ ಕಟ್ಟಿಕೊಡುವ ಮೇಸ್ತ್ರಿ ವಾಡಿಕೆಯಂತೆ ಅಳತೆಗೆ ಬಂದಿದ್ದ. ಕಸ್ತೂರಿ ಚಹಾ ಕೊಟ್ಟಳು.

"ಈ ಸಲನಾದ್ರೂ ಅಡುಗಿಕಟ್ಟಿ ಎತ್ತರ ಮಾಡೋ ತಮ್ಮಾ. ಹೋದ ಯುದ್ಧ ಆದಮ್ಯಾಲ ಕಟ್ಟಿದ್ದು ಗಿಡ್ಡಾಗಿ, ಬಗ್ಗಿ ಬಗ್ಗಿ ನನ್ನ ಸೊಂಟ ಹೋತು."

"ಅಡುಗಿ ಮಾಡೋರ ಸೊಂಟ ನೋಡೇ ಕಟ್ತೀವ್ರಿ ಅಕ್ಕಾರ," ಎಂದು ಮೇಸ್ತ್ರಿ ನಕ್ಕ.

ಕಸ್ತೂರಿ ನೆಟ್ಟಗೆ ನಿಂತಳು. ಯುದ್ಧ ಮುಗಿದ ಮೇಲೆ ಮನೆಯಲ್ಲಿ ಉಳಿಯುವವರದೆಂದು ಯುದ್ಧದ ಕಚೇರಿ ಕೊಟ್ಟಿದ್ದ ಪಟ್ಟಿಯನ್ನು ನೋಡಿದ ಮೇಸ್ತ್ರಿಯ ನಗು ಆರಿತು. ಅವಳನ್ನು ದಾಟಿ ಹೋಗಿ, ಹತ್ತು ವರ್ಷದ ಮಗಳು ಸುಮಂಗಲಾಳ ಪಕ್ಕದಲ್ಲಿ ಟೇಪು ಹಿಡಿದ.

"ಅಡುಗಿ ಮಾಡಾಕಿ ನಾನಲ್ಲೇನೋ?"

ಅವನು ಹುಡುಗಿಯ ಸೊಂಟದ ಎತ್ತರ ನೋಡಿಕೊಂಡ.

"ಮನಿ ಮುಗಿಯೋದ್ರಾಗ ನಾಕು ಬೆರಳು ಬೆಳೀತಾಳ," ಎಂದು ಗೊಣಗಿ, ಅಷ್ಟನ್ನು ಸೇರಿಸಿ ಬರೆದುಕೊಂಡ.