ಅಮಾವಾಸ್ಯೆಯ ದಿನ ನೋಡಿದ ಮನೆ

ಪಂಪಮ್ಮ ಕಿಟಕಿಯ ಕಟ್ಟೆಯ ಮೇಲೆ ತೋರುಬೆರಳು ಎಳೆದು, ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಏನೂ ಅಂಟಿರಲಿಲ್ಲ. ಹಿಂದೆ ನಿಂತಿದ್ದ ಸೊಸೆ ಸುನಿತಾಳಿಗೆ ಹೋದ ಜೀವ ಬಂದಂತಾಯಿತು.

"ಕುರೆಕುಪ್ಪ ಅಂದ್ರ ಅದಿರಿನ ಧೂಳಿಗಿ ಉಣ್ಣೋ ಅನ್ನನೂ ಕೆಂಪಗ ಇರ್ತೈತಿ ಅಂತಿದ್ರು ಮಂದಿ," ಎಂದರು ಪಂಪಮ್ಮ.

"ಮಂದಿ ಏನರ ಅಂತಾರ ಬಿಡ್ರಿ ಅಮ್ಮಾ. ಕುಂದ್ರಿ, ಚಾ ತರಿಸ್ತೀನಿ," ಎಂದ ಮನೆಯ ಮಾಲೀಕ ಗಾಳೆಪ್ಪ.

ಸೋಮವಾರ ಸುನಿತಾ ಈ ಊರಿನ ಶಾಲೆಗೆ ಟೀಚರಾಗಿ ಸೇರಬೇಕಿತ್ತು. ಹೊಸಪೇಟೆಯಲ್ಲಿ ಮನೆ ಮಾಡೋಣವೆಂದರೆ, ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ ಬಸ್ಸು ಎರಡನೇ ಪಿರಿಯಡ್ಡಿಗೆ ಬಂದು ಮುಟ್ಟಿದರೆ ಅದೇ ದೊಡ್ಡದು. ಗಂಡ ತಿಪ್ಪೇಶನಿಗೆ ಯಾವ ಊರಾದರೇನು, ಪಂಪ್‌ಸೆಟ್ಟಿನ ಸಾಮಾನು ಮಾರುತ್ತ ಬೈಕಿನ ಮೇಲೇ ದಿನ ಕಳೆಯುವವನು. ಮೂರು ವರ್ಷದ ಮಗಳನ್ನು ನೋಡಿಕೊಳ್ಳಲು ಮಾತ್ರ ಅತ್ತೆ ತಮ್ಮೂರು ಮೆಟ್ರಿಯ ಮನೆ ಬಿಟ್ಟು ಬಂದು ಜೊತೆಗಿರಬೇಕು. ಅತ್ತೆ ಒಲ್ಲೆನೆಂದರೆ ಟೀಚರಾಗುವ ಆಸೆ ಅಲ್ಲಿಗೆ ಮುಗಿಯಿತು. ಆ ಅತ್ತೆಯೋ, ಮನೆ ನೋಡದೆ ಹೂಂ ಅನ್ನುವವರಲ್ಲ.

ಹೋದ ವಾರ ಸುನಿತಾ ಒಬ್ಬಳೇ ಬಂದಾಗ ಇದೇ ಮನೆಯ ಮುಂದೆ ನಿಮಿಷಕ್ಕೊಂದು ಲಾರಿ ಓಡುತ್ತಿತ್ತು. ಓಣಿಯಲ್ಲಿ ಒಣಹಾಕಿದ್ದ ಬಟ್ಟೆಗಳಲ್ಲಿ ಬಿಳಿ ಯಾವುದು, ಹಳದಿ ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ. ಅವಳ ಮುಖ ಸಪ್ಪಗಾದದ್ದು ನೋಡಿ ಗಾಳೆಪ್ಪನೇ ದಾರಿ ತೋರಿಸಿದ್ದ: "ನಿಮ್ಮ ಅತ್ತಿನ ಅಮಾಸಿ ದಿನ ಕರಕೊಂಡು ಬರ್ರಿ ಟೀಚರ್ರ. ಪೂಜಿ ಮುಗಿಯೋಮಟ ಯಾವ ಲಾರಿನೂ ರೋಡಿಗಿ ಇಳಿಯಂಗಿಲ್ಲ. ನಾ ಬಾಡಿಗಿಯವ್ರಿಗೆ ಮನಿ ತೋರ್ಸೋದ ಅಮಾಸಿ ದಿನ."

ಸುಳ್ಳು ಹೇಳಿ ರೂಢಿಯಿಲ್ಲದ ಸುನಿತಾ, ಮಾಲೀಕರು ಅವತ್ತೊಂದೇ ದಿನ ಊರಲ್ಲಿರುತ್ತಾರೆ ಎಂದು ಅತ್ತೆಗೆ ಹೇಳಿಬಿಟ್ಟಳು. ಅಮಾವಾಸ್ಯೆಯ ದಿನ ಹೊಸ ಕಸಬರಿಗೆಯನ್ನೂ ಕೊಳ್ಳದ ಹೆಂಗಸು ಒಂದು ಮಾತೂ ಆಡದೆ ಬಸ್ಸು ಹತ್ತಿದ್ದು ತನ್ನ ಪುಣ್ಯ ಎಂದುಕೊಂಡಳು.

ರಸ್ತೆಯಂಚಿನಲ್ಲಿ ಲಾರಿಗಳು ಮೈತೊಳೆದುಕೊಂಡು ಹಾರ ಹಾಕಿಸಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ಪೂಜೆ ಮುಗಿಯುವುದು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಅತ್ತೆಯನ್ನು ಬಸ್ಸಿಗೆ ಹತ್ತಿಸಿದರೆ ಗೆದ್ದಂತೆ. ಆದರೆ ಪಂಪಮ್ಮನಿಗೆ ಯಾವ ಅವಸರವೂ ಇರಲಿಲ್ಲ. ಅಡುಗೆಮನೆ ನೋಡಿದರು, ಹಿತ್ತಲು ನೋಡಿದರು, ಮೊಮ್ಮಗಳಿಗೆ ಜೋಕಾಲಿ ಕಟ್ಟಿದರೆ ತೊಲೆ ತಡೆಯುತ್ತದೋ ಇಲ್ಲವೋ ಎಂದು ವಿಚಾರಿಸಿದರು, ಚಹಾ ಚಲೋ ಆಗಿದೆಯೆಂದು ಇನ್ನರ್ಧ ಲೋಟ ಹಾಕಿಸಿಕೊಂಡರು. ಗಾಳೆಪ್ಪ ಗಡಿಯಾರ ನೋಡುವುದು, ಸುನಿತಾ ಗಾಳೆಪ್ಪನ ಮುಖ ನೋಡುವುದು, ಹೀಗೇ ನಡೆದಿತ್ತು.

ಹನ್ನೊಂದೂವರೆಗೇ ಯಾವನೋ ಆತುರಗಾರ ಪೂಜೆ ಮುಗಿಸಿಬಿಟ್ಟ. ಮೊದಲ ಲಾರಿ ಹೊರಟಿತು, ಅದರ ಬೆನ್ನಿಗೆ ಎರಡನೆಯದು, ಮೂರನೆಯದು. ಕಿಟಕಿಯ ಗಾಜುಗಳು ಗಡಗಡ ಅಂದವು. ಕೆಂಪು ಧೂಳು ಬಾಗಿಲಿನಿಂದ ನೆಂಟರ ಹಾಗೆ ನೆಟ್ಟಗೆ ಒಳಗೇ ಬಂತು. ಪಂಪಮ್ಮ ಲೋಟದ ಮೇಲೆ ಸೆರಗು ಮುಚ್ಚಿಕೊಂಡರು.

"ಯಾವನೋ ಹೊಸಾ ಡ್ರೈವರ್ ಇರಬೇಕ್ರಿ. ನಿಂದ್ರಿ, ವಿಚಾರಿಸಿ ಬರ್ತೀನಿ," ಎಂದು ಗಾಳೆಪ್ಪ ಹೊರಗೆ ಹೋದವನು ತಿರುಗಿ ಬರಲಿಲ್ಲ.

ಸುನಿತಾಳಿಗೆ ತಲೆ ಎತ್ತಲು ಆಗಲಿಲ್ಲ. ಶಾಲೆಯೂ ಹೋಯಿತು, ಅತ್ತೆಯ ಮುಂದಿನ ಮರ್ಯಾದೆಯೂ ಹೋಯಿತು.

"ತಪ್ಪಾತು ಅತ್ತೀ. ಇಲ್ಲಿ ದಿನಾ ಹಿಂಗ ಇರ್ತೈತಿ. ನಿಮಗ ಗೊತ್ತಾಗಬಾರ್ದು ಅಂತನ ಇವತ್ತು ಕರಕೊಂಡು ಬಂದೆ."

"ಗೊತ್ತೈತಿ. ಅಮಾಸಿ ದಿನ ಯಾರರ ಮನಿ ನೋಡಾಕ ಕರೀತಾರೇನು? ಏನೋ ಐತಿ ಅಂತ ಬಸ್ ಹತ್ತೂಕಿಂತ ಮೊದ್ಲ ತಿಳೀತು."

"ಮತ್ತ ಯಾಕ ಬಂದ್ರಿ?"

ಪಂಪಮ್ಮ ಉಳಿದ ಚಹಾ ಕುಡಿದು ಮುಗಿಸಿದರು. "ಲಗ್ನಕ್ಕಿಂತ ಮೊದ್ಲು ನಿಮ್ಮಪ್ಪ ನಮ್ಮ ಮನಿ ನೋಡಾಕ ಬಂದಿದ್ರಲ್ಲ, ಕಾಲುವಿಗಿ ನೀರು ಬಿಟ್ಟ ಮೂರನೇ ದಿನ ಅದು. ಅವತ್ತ ಬರ್ರಿ ಅಂತ ಹೇಳಿ ಕಳಿಸಿದಾಕಿ ನಾನ."

ಸುನಿತಾ ಬಾಯಿ ತೆರೆದುಕೊಂಡು ಅತ್ತೆಯನ್ನೇ ನೋಡಿದಳು. ಹಿತ್ತಲ ಹಿಂದೇ ತುಂಬಿದ ಕಾಲುವೆ, ಮಗಳು ಆ ಮನೆಯಲ್ಲಿ ಕೊಡ ಹೊರುವಂತಿಲ್ಲ ಎಂದು ಅಪ್ಪ ಅವತ್ತು ಊರೆಲ್ಲ ಹೇಳಿಕೊಂಡು ಬಂದಿದ್ದ. ಮದುವೆಯಾದ ಮೊದಲ ಬೇಸಿಗೆಯಲ್ಲೇ ಕಾಲುವೆ ಒಣಗಿ, ಬಾವಿಯ ತಳ ಕಂಡಾಗ, ಈ ವರ್ಷ ಮಳೆ ಕಡಿಮೆ ಇರಬೇಕು ಎಂದುಕೊಂಡು ಅವಳು ಕೊಡ ಎತ್ತಿಕೊಂಡಿದ್ದಳು. ಈಗ ಎಷ್ಟು ತಡೆದರೂ ತಡೆಯಲಾಗದೆ ಅವಳಿಗೆ ನಗು ಬಂತು. ಪಂಪಮ್ಮನೂ ನಕ್ಕರು. ನಕ್ಕು, ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುವಾಗ ಅವರ ದನಿ ಮೆತ್ತಗಾಗಿತ್ತು.

"ಆರು ಬ್ಯಾಸಿಗಿ ಊರ ಹೊರಗಿನ ಬೋರಿನಿಂದ ಕೊಡ ಹೊತ್ತಿ. ಕಾಲುವಿ ನೀರು ಎಲ್ಲಿ ಹೋತು ಅಂತ ಒಂದು ದಿನಾನೂ ನನ್ನ ಕೇಳ್ಲಿಲ್ಲ. ಸೋಮಾರ ಸಾಲಿಗಿ ಹೋಗು ನೀನು, ಇಲ್ಲೀ ಧೂಳು ನಾ ಬಳೀತೀನಿ."