ಎರಡು ಪಟ್ಟಿಯ ಸಹಿ

"ಏನಪ್ಪಾ, ನಿನ್ನ ಸಹಿ ಎರಡು ಪಟ್ಟೀಲೂ ಇದೆಯಲ್ಲ!"

ಟೀಚರಮ್ಮ ಕನ್ನಡಕ ಏರಿಸಿ ಕೇಳಿದಾಗ ಸಭೆಗೆ ಸಭೆಯೇ ಹಿಂದಿನ ಸಾಲಿನಲ್ಲಿದ್ದ ಕ್ಷೌರಿಕನತ್ತ ತಿರುಗಿತು. ಬಡಾವಣೆಯ ಹಳೆ ಗಿರಣಿ ಜಾಗದಲ್ಲಿ ಮನೆ, ಅಂಗಡಿ, ಆಫೀಸು ಎಲ್ಲ ಸೇರಿದ ಇಪ್ಪತ್ತು ಮಹಡಿಯ ಕಟ್ಟಡ ಏಳುವ ಮಾತಿತ್ತು. ಬೇಡ ಎನ್ನುವವರ ಪಟ್ಟಿಯನ್ನು ಟೀಚರಮ್ಮನೇ ಮನೆಮನೆಗೆ ಒಯ್ದಿದ್ದರು. ಬೇಕು ಎನ್ನುವವರದನ್ನು ಅವರ ಅಳಿಯ. ಕ್ಷೌರಿಕ ಮೆಲ್ಲಗೆ ಎದ್ದು ನಿಂತ. ಗಿರಾಕಿಯ ಕುತ್ತಿಗೆ ಮೇಲೆ ಕತ್ತಿ ಇರುವಾಗ ಎದುರು ಮಾತಾಡಬಾರದು ಎಂದು ಅಪ್ಪ ಕಲಿಸಿದ್ದ. ಹಾಗಾಗಿ ಬೇಕು ಎಂದವರಿಗೂ ಹೂಂ, ಬೇಡ ಎಂದವರಿಗೂ ಹೂಂ ಎಂದು, ಸೋಪಿನ ಕೈ ಒರೆಸಿಕೊಂಡು ಸಹಿ ಗೀಚಿದ್ದ. ಇನ್ನು ಎರಡೂ ಕಡೆಯವರು ತನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡ.

"ತಪ್ಪಾಯ್ತು ಟೀಚರಮ್ಮ. ಯಾರಿಗೂ ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ."

ಟೈಲರ್ ಅಕ್ಕ ಕೆಮ್ಮಿದಳು. "ನಂದೂ ಎರಡೂ ಕಡೆ ಇದೆ, ನೋಡಿ." ಔಷಧಿ ಅಂಗಡಿಯವರು ತಲೆ ತುರಿಸಿಕೊಂಡು ಎದ್ದು ನಿಂತರು. ಬೇಕರಿಯವನೂ ಎದ್ದ. ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದ ಟೀಚರಮ್ಮ, ಅಳಿಯನ ಪಟ್ಟಿಯ ಕೊನೆಯ ಸಾಲಿಗೆ ಬಂದವರೇ ತಟಕ್ಕನೆ ನಿಂತರು. ಅದು ಅವರದೇ ಸಹಿ.

"ಅಳಿಯಂದ್ರು ಬಾಯಿಬಿಟ್ಟು ಕೇಳ್ದಾಗ..." ಎಂದು ಅವರು ರಾಗ ಎಳೆದದ್ದೇ ತಡ, ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಟೀಚರಮ್ಮನೂ ನಕ್ಕು, ಎರಡೂ ಪಟ್ಟಿಗಳನ್ನು ಹರಿದು ಹಾಕಿದರು. "ಇನ್ಮೇಲೆ ಬಾಯಲ್ಲೇ ಹೇಳಿ. ಮೊದ್ಲು ನೀನು."

ಕ್ಷೌರಿಕ ತನ್ನ ಕೈ ನೋಡಿಕೊಂಡ. ಕತ್ತಿ ಇರಲಿಲ್ಲ.

"ನಂಗೆ ಬೇಕು ಟೀಚರಮ್ಮ," ಎಂದ, ಎದೆಯ ಭಾರ ಇಳಿಸಿದವನಂತೆ. "ಇಪ್ಪತ್ತು ಮಹಡೀಲಿ ಎಷ್ಟೊಂದು ತಲೆ ಇರ್ತವೆ!"